ಫ್ಯಾನ್ ಸದ್ದಿನ ಕೋಣೆಯಲ್ಲಿ ಆಡಿದ ಮಾತು

"ರೀ... ನಿಮ್ಮನ್ನೇ! ಕಿವಿ ಕೇಳ್ಸಲ್ವಾ?"

ಬಿತ್ತನೆ ಬೀಜ ಪರೀಕ್ಷಿಸುವ ಲ್ಯಾಬಿಗೆ ಸೇರಿದ ಮೊದಲ ದಿನವೇ ಅವಳು ಗಂಟಲು ಹರಿದುಕೊಂಡಿದ್ದಳು. ತಟ್ಟೆಯಲ್ಲಿನ ಮೊಳಕೆ ಎಣಿಸುತ್ತ ಕೂತಿದ್ದವನು ತಿರುಗಲೇ ಇಲ್ಲ. ಗೋಡೆಯ ದೊಡ್ಡ ಫ್ಯಾನು, ಫ್ರೀಜರುಗಳ ಗುಂಯ್ ಸದ್ದು ತಾಳಲಾರದೆ ಅವನು ದಪ್ಪ ಹೆಡ್‌ಫೋನ್ ಹಾಕಿಕೊಂಡಿದ್ದ.

'ಏನು ಜಂಬ!' ಅಂದುಕೊಂಡಳು. ಅಂದಿನಿಂದ ಅವನು ಅವಳ ಪಾಲಿಗೆ ಹೆಡ್‌ಫೋನ್ ರಾಯ.

ಆದರೆ ಕೇಳಿಸಿಕೊಳ್ಳದ ಬೆನ್ನು ಎಷ್ಟು ಅನುಕೂಲ! ಬರುಬರುತ್ತ ಅವಳು ಆ ಬೆನ್ನಿಗೆ ಎಲ್ಲವನ್ನೂ ಹೇಳತೊಡಗಿದಳು. ಮ್ಯಾನೇಜರಮ್ಮನ ಸಿಡುಕು, ಅಕ್ಕನ ಕೀಟಲೆ, ತಾನು ಸೀಯಿಸಿದ ಅನ್ನ... ಕೊನೆಗೊಂದು ದಿನ, "ನೀವಂದ್ರೆ ನಂಗೆ ತುಂಬಾ ಇಷ್ಟ ಕಣ್ರೀ" ಎಂದೂ ಹೇಳಿಬಿಟ್ಟಳು. ಬೆನ್ನು ಅಲುಗಲಿಲ್ಲ.

ನಿನ್ನೆ ಮಾತ್ರ ಅವಳ ದನಿ ನಡುಗಿತ್ತು. "ಬೇರೆ ಊರಿನ ಲ್ಯಾಬಿಗೆ ಬಡ್ತಿ ಬಂದಿದೆ. ನಾಳೆ ಉತ್ತರ ಹೇಳ್ಬೇಕು. ನಿಮ್ಮನ್ನ ಬಿಟ್ಟು ಹೇಗ್ರೀ ಹೋಗ್ಲಿ...?"

ಇವತ್ತು ಅವಳಿಗೆ ತಲೆ ಸಿಡಿಯುತ್ತಿತ್ತು. ನಿದ್ದೆಯಿಲ್ಲ, ಅದರ ಮೇಲೆ ಈ ಹಾಳು ಫ್ಯಾನು! ಹಣೆ ಒತ್ತಿಕೊಂಡು ಕೂತವಳ ಮುಂದೆ ಅವನೇ ಬಂದು ನಿಂತ. ತನ್ನ ಹೆಡ್‌ಫೋನ್ ತೆಗೆದು ಮೆಲ್ಲಗೆ ಅವಳ ಕಿವಿಗಿಟ್ಟ.

ಫ್ಯಾನ್ ಸದ್ದು ಮಾಯ! ಫ್ರೀಜರುಗಳದೂ ಇಲ್ಲ. ಅಬ್ಬಾ, ಎಂಥ ನೆಮ್ಮದಿ...

"ತಲೆನೋವು ಸ್ವಲ್ಪ ಕಮ್ಮಿ ಆಯ್ತಾ?"

ಅವನ ಮಾತು ಸ್ಪಷ್ಟವಾಗಿ ಕೇಳಿಸಿತು. ಹಾಗಾದರೆ... ಇಷ್ಟು ದಿನ...?

"ಇದ್ರಲ್ಲಿ ಮಾತು ಕೇಳ್ಸುತ್ತಾ?!"

"ಹೂಂ. ಒಂದೇ ಸಮನೆ ಬರೋ ಸದ್ದನ್ನ ಮಾತ್ರ ತಡೆಯುತ್ತೆ. ಮೊದಲ ದಿನ ಹಾಡು ಹಾಕಿದ್ದೆ, ನಿಜವಾಗ್ಲೂ ಕೇಳಿಸ್ಲಿಲ್ಲ. ಆಮೇಲೆ... ಹಾಡು ಹಾಕೋದೇ ಬಿಟ್ಟೆ."

ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿ ಅವಳ ಕಣ್ಣು ತುಂಬಿತು. "ಎಲ್ಲಾ ಕೇಳಿಸ್ಕೊಂಡು ಕಲ್ಲಿನ ಹಾಗೆ ಕೂತಿದ್ರಾ?"

"ತಿರುಗಿದ್ರೆ ನೀವು ಮಾತು ನಿಲ್ಲಿಸಿಬಿಡ್ತೀರಿ ಅಂತ ಭಯ. ನಿನ್ನೆ ಬಾಯಿ ಬಿಟ್ಟಿದ್ರೆ 'ಹೋಗ್ಬೇಡಿ' ಅಂದುಬಿಡ್ತಿದ್ದೆ. ಕೈಗೆ ಬಂದ ಬಡ್ತಿ ನನ್ನಿಂದ ತಪ್ಪಬಾರ್ದು. ನೀವು ಹೋಗಿ. ರಜೆ ಸಿಕ್ಕಾಗೆಲ್ಲ ನಾನೇ ಬರ್ತೀನಿ. ನಂಗೂ... ನೀವಂದ್ರೆ ಪ್ರಾಣ."

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಸದ್ದು ಮತ್ತೆ ಕೋಣೆ ತುಂಬಿತು.

"ಕೊನೇದು ಕೇಳಿಸ್ಲಿಲ್ಲ. ಜೋರಾಗಿ ಹೇಳಿ!"

"ನೀವಂದ್ರೆ ಪ್ರಾಣ ಅಂದೆ!" ಅವನು ಕೂಗಿಯೇಬಿಟ್ಟ.

ಪಕ್ಕದ ಕೋಣೆಯಿಂದ ಮ್ಯಾನೇಜರಮ್ಮ ಇಣುಕಿದರು. "ನಮಗೆಲ್ಲ ಕೇಳಿಸ್ತಪ್ಪಾ! ಏನಮ್ಮಾ, ಬಡ್ತಿಗೆ ಏನಂತೀಯ?"

"ಹೋಗ್ತೀನಿ ಮೇಡಂ," ಎಂದಳು ಅವಳು, ಅವನನ್ನೇ ನೋಡುತ್ತ. ಆಮೇಲೆ ಅವನ ಕಿವಿಯ ಹತ್ತಿರ ಬಾಗಿದಳು. "ಬರ್ತೀರಲ್ಲಾ?"

"ಬಂದೇ ಬರ್ತೀನಿ ಕಣ್ರೀ."