ಹನ್ನೆರಡನೇ ಸಲದ ಹೂಂ

ನನ್ನನ್ನು ನೋಡಲು ಬಂದ ಗಂಡು ಕಾಫಿ ಲೋಟ ತೆಗೆದುಕೊಳ್ಳುವ ಮೊದಲೇ ಕುರ್ಚಿಯನ್ನು ಅರ್ಧ ಅಡಿ ಪಕ್ಕಕ್ಕೆ ಎಳೆದುಕೊಂಡ. ಅವನು ಕೂತಿದ್ದ ಜಾಗಕ್ಕೇ ಸರಿಯಾಗಿ ಅಟ್ಟದಿಂದ ನಮ್ಮ ಬೆಕ್ಕು ಧೊಪ್ಪನೆ ಬಿತ್ತು. ಎಲ್ಲರೂ ನಕ್ಕರು. ಅವನು ಮಾತ್ರ ಸುಮ್ಮನೆ ಕಾಫಿ ಕುಡಿದ.

ನಾನು ಹುಣಸೂರು–ಸಾಲಿಗ್ರಾಮ ಬಸ್ಸಿನ ಕಂಡಕ್ಟರ್. ಸುಳ್ಳು ಹೇಳುವ ಮುಖ ಯಾವುದೆಂದು ನನಗೆ ತಿಳಿಯುತ್ತದೆ. ನೋಡಲು ಬಂದ ಈ ಯತೀಶನದು ಸುಳ್ಳಿನ ಮುಖವಲ್ಲ, ಸುಸ್ತಾದ ಮುಖ. ಆ ಸುಸ್ತೇ ನನಗೆ ಇಷ್ಟವಾಗಿಬಿಟ್ಟಿತು, ನನ್ನ ಕರ್ಮ.

ಹಿತ್ತಲಲ್ಲಿ ಮಾತಾಡಿಕೊಳ್ಳಲು ಹತ್ತು ನಿಮಿಷ ಕೊಟ್ಟರು.

"ಮಲ್ಲಿಗೆ ಮುಡುದ್ರೆ ನಿಮ್ಗೆ ತಲೆನೋವು ಬತ್ತದೆ. ತೆಗ್ದಾಕಿ, ನಾನೇನೂ ಅನ್ಕೊಳಲ್ಲ."

"ಯಾರು ಹೇಳಿದ್ರು?"

"ನೀವೇ." ಕಣ್ಣೆತ್ತಿ ನೋಡಿ ತಕ್ಷಣ ಇಳಿಸಿದ. "ಈಗ ನಿಮ್ ದೊಡ್ಡಮ್ಮ ಕೋಸಂಬ್ರಿ ಉಪ್ಪು ಕೇಳ್ತಾರೆ."

"ಸ್ಪಂದನಾ! ಕೋಸಂಬ್ರಿಗೆ ಉಪ್ಪಾಕಿದ್ಯೇನೇ?" ಒಳಗಿಂದ ದೊಡ್ಡಮ್ಮ.

ಆಮೇಲೆ ಎಲ್ಲವನ್ನೂ ಹೇಳಿದ. ಪಿರಿಯಾಪಟ್ಟಣದ ಹತ್ತಿರ ಅವನ ತಾತ ಕಟ್ಟಿಸಿದ ಬ್ಯಾರನ್ ಇದೆ. ಹೊಗೆಸೊಪ್ಪು ಬೇಯಿಸುವ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಹೊರಬಂದರೆ ಮತ್ತೆ ಇದೇ ಭಾನುವಾರದ ಬೆಳಗು. ಹೀಗೆ ಇದು ಅವನ ಮೂವತ್ತೊಂದನೇ ಸಲ.

ನನಗೆ ನಗು ತಡೆಯಲಾಗಲಿಲ್ಲ. ನನಗೋಸ್ಕರ ಒಬ್ಬ ಮೂವತ್ತೊಂದು ಸಲ ದೊಡ್ಡಮ್ಮನ ಉಪ್ಪಿಟ್ಟು ತಿಂದಿದ್ದಾನೆ! ಒಳಗೊಳಗೇ ಖುಷಿಯಾಯಿತು.

"ಒಂದ್ಸಲಾನೂ ಹೂಂ ಅನ್ಲಿಲ್ವಾ ನಾನು?"

ಅವನು ನೆಲ ನೋಡಿದ. "ಅಂದ್ರಿ. ಹನ್ನೆರಡ್ನೇ ಸಲ. ಡ್ಯೂಟಿ ಬುಡಲ್ಲ, ಅದಕ್ಕೊಪ್ಪಿದ್ರೆ ಹೂಂ, ಅಂದ್ರಿ."

"ಮತ್ತೆ?"

"ಕಂಡೀಷನ್ ಇಲ್ದೆ ಅನ್ನಿಸ್ಕಳವ ಅಂತ..."

ಮೈ ಉರಿದುಹೋಯಿತು. ಆ ಹನ್ನೆರಡನೆಯವಳು ಎಷ್ಟು ಧೈರ್ಯ ಮಾಡಿ ಆ ಮಾತು ಹೇಳಿದ್ದಳೋ. ಅವಳ ಹೂಂ ಇವನಿಗೆ ಸಾಲಲಿಲ್ಲ.

"ಈಗ ಒಪ್ಕೊಂಡಿದೀನಿ ಕಣ್ರೀ. ಡ್ಯೂಟಿ ಮಾಡಿ."

"ಅದನ್ನ ಅವಳಿಗೆ ಹೇಳ್ಬೇಕಿತ್ತು. ನಂಗಿಷ್ಟ ಇಲ್ಲ. ಇನ್ನ ಹಿಂದಕ್ಕೋಗ್ಬೇಡಿ, ನನ್ನ ಈ ಮಾತಾದ್ರೂ ಉಳೀಲಿ."

ಅವನು ಹೋದ ಮೇಲೆ ಭಯ ಶುರುವಾಯಿತು. ನಾನು ಬೇಡ ಅಂದದ್ದು ಉಳಿಯಬೇಕಾದರೂ ಅವನ ಒಪ್ಪಿಗೆ ಬೇಕು. ಅವನು ಆ ಬಾಗಿಲು ಹಾಕಿಕೊಂಡರೆ ಬೇಡ ಅಂದ ನಾನೇ ಇಲ್ಲ.

ಸೋಮವಾರ ಬೆಳಗಾಯಿತು. ನನ್ನ ಮಾತನ್ನು ಅವನು ಉಳಿಸಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ಬೆಳಿಗ್ಗೆ. ಫೋನ್ ಮಾಡಲು ಬಿಗುಮಾನ. ಇವತ್ತು ನಾಳೆ ಎಂದು ತಿಂಗಳು ತಳ್ಳಿದೆ.

ಮೊನ್ನೆ ಹುಣಸೂರಿನಲ್ಲಿ ನನ್ನ ಬಸ್ಸು ಹತ್ತಿದ. ಇಸ್ತ್ರಿ ಮಾಡಿದ ಬಿಳಿ ಷರಟು.

"ಎಲ್ಲಿಗೆ?"

"ಕೆ.ಆರ್. ನಗರ. ಹೆಣ್ಣು ನೋಡಕ್ಕೆ. ನರ್ಸಂತೆ. ಕೆಲ್ಸ ಬುಡೋದು ಬ್ಯಾಡ ಅಂತ ಮೊದ್ಲೇ ಹೇಳ್ಕಳ್ಸಿದೀನಿ."

"ಎಷ್ಟನೇ ಸಲ?"

"ಮೊದಲ್ನೇ ಸಲ ಕಣ್ರೀ. ಬ್ಯಾರನ್ ಕೆಡವಿಸ್ಬುಟ್ಟೆ."

ಟಿಕೆಟ್ ಕೊಟ್ಟೆ. ಹೇಳಬೇಕೆಂದಿದ್ದ ಮಾತು ಹೇಳದೆ ಮುಂದಿನ ಸೀಟಿಗೆ ಹೋದೆ. ಕೆ.ಆರ್. ನಗರ ಬಂದಾಗ ಅವನು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎಬ್ಬಿಸದಿದ್ದರೆ ಸಾಲಿಗ್ರಾಮದವರೆಗೂ ನನ್ನ ಜೊತೆಗೇ ಇರುತ್ತಿದ್ದ.

ಭುಜ ತಟ್ಟಿದೆ.

"ಇಳೀರಿ. ಅವರು ಕಾಯ್ತಿರ್ತಾರೆ."