ತೊಳೆಯದೆ ಬಿಟ್ಟ ಪುಡಿ

“ನಿಮ್ಮ ಪುಡಿ ಬರೀ ಸುಳ್ಳು ಕಣ್ರೀ! ನನ್ನ ಕಾರ್ಖಾನೆಗೆ ಬೀಗ ಬಿದ್ದು ಒಂಬತ್ತು ದಿನ ಆಯ್ತು!”

“ಪುಡಿಗೇನ್ರೀ ನಿಮ್ಮ ಮೇಲೆ ಹಗೆ? ನೀರಲ್ಲಿ ವಿಷ ಇತ್ತು, ಹಿಡೀತು.”

“ಇದ್ದಿದ್ರೆ ಇನ್ನೊಂದು ಪ್ರಯೋಗಾಲಯಕ್ಕೆ ಯಾಕೆ ಸಿಗಲಿಲ್ಲ?”

ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. “ಇದು ಠಾಣೆ. ಕಿತ್ತಾಡೋದಿದ್ರೆ ಹೊರಗೆ ಹೋಗಿ. ಒಬ್ಬೊಬ್ರೇ ಬಾಯಿ ಬಿಡಿ.”

ದೂರು ಕೊಟ್ಟವನು ಕೀಟನಾಶಕ ಕಾರ್ಖಾನೆಯ ಮ್ಯಾನೇಜರ್. ಎದುರಿಗಿದ್ದವರು ಪ್ರಯೋಗಾಲಯದ ಮುಖ್ಯಸ್ಥೆ. ಕಾರ್ಖಾನೆಯಿಂದ ಹೊರಬರುವ ನೀರಿನಲ್ಲಿ ವಿಷವಿದೆಯೆಂದು ಅವರು ವರದಿ ಕೊಟ್ಟಿದ್ದರು. ಅದರ ಮೇಲೆ ಬೀಗ ಬಿದ್ದಿತ್ತು. ಬೆಳಿಗ್ಗೆ 11.15ಕ್ಕೆ ಸುಳ್ಳು ವರದಿಯ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಮಹಿಳಾ ಪೇದೆ ಪ್ರಯೋಗಾಲಯ ತಲುಪಿದರು. ಕಾರ್ಖಾನೆಯ ನೀರಿನ ಪರೀಕ್ಷೆಗೆ ಬಳಸಿದ್ದ ಬಿಳಿ ಪುಡಿಯ ಬಾಟಲಿಯನ್ನು ಮುಖ್ಯಸ್ಥೆ ತೋರಿಸಿದರು.

“ವಿಷದ ಕಣದ ಸುತ್ತ ಪ್ಲಾಸ್ಟಿಕ್ ಕಟ್ಟಿಸ್ತೀವಿ. ಆಮೇಲೆ ವಿಷಾನ ತೊಳೆದು ತೆಗೀತೀವಿ. ಅದು ಕೂತಿದ್ದ ಗುಳಿ ಹಾಗೇ ಉಳಿಯುತ್ತೆ. ಮುಂದೆ ಅದೇ ವಿಷ ಬಂದ್ರೆ ಮಾತ್ರ ಆ ಗುಳೀಲಿ ಕೂರುತ್ತೆ. ಬೇರೆ ಯಾವುದೂ ಕೂರಲ್ಲ.”

“ನಮ್ಮ ದಫೇದಾರನ ಕುರ್ಚಿ ಇದ್ದ ಹಾಗೆ,” ಎಂದರು ಇನ್‌ಸ್ಪೆಕ್ಟರ್. ದಫೇದಾರ ಕೆಮ್ಮಿದ.

“ಇದೇ ಬಾಟಲಿ ಪುಡೀನ ಶುದ್ಧ ನೀರಿಗೆ ಹಾಕಿ ನೋಡಿ.”

“ಶುದ್ಧ ನೀರಲ್ಲಿ ಏನೂ ಬರಲ್ಲ ಸರ್.”

“ಹಾಕಿ ಅಂದೆ.”

ಇಬ್ಬರು ಪಂಚರ ಮುಂದೆ, 3.10ಕ್ಕೆ ಪರೀಕ್ಷೆ ನಡೆಯಿತು. ಯಂತ್ರ ವಿಷವಿದೆ ಎಂದು ತೋರಿಸಿತು. ಮುಖ್ಯಸ್ಥೆಯ ಮುಖ ಬಿಳುಚಿತು.

“ತೊಳೆದೇ ಇಲ್ಲ… ಒಳಗಿನ ವಿಷಾನೇ ಸೋರ್ತಿದೆ.”

ಹನ್ನೆರಡು ಸಲ ತೊಳೆಯಬೇಕು. ರಿಜಿಸ್ಟರ್‌ನಲ್ಲಿ ಹನ್ನೆರಡು ಗುರುತುಗಳೂ ಇದ್ದವು. ಆದರೆ ತೊಳೆದ ದ್ರಾವಣವನ್ನು ಮೋರಿಗೆ ಚೆಲ್ಲುವಂತಿಲ್ಲ, ದಿನಾಂಕ ಬರೆದ ಕ್ಯಾನಿಗೆ ತುಂಬಬೇಕು. ದಫೇದಾರ ಆ ಪುಡಿ ತಯಾರಾದ ವಾರದ ಕ್ಯಾನನ್ನು ಎರಡೇ ಬೆರಳಲ್ಲಿ ಎತ್ತಿ ತೋರಿಸಿದ. ಖಾಲಿ.

“ತೊಳೆಯೋರು ಯಾರು?”

ಎಲ್ಲರೂ ‘ತೊಳೆಯೋ ಅಕ್ಕ’ ಎಂದು ಕರೆಯುತ್ತಿದ್ದ ಹೆಂಗಸು ಮುಂದೆ ಬಂದಳು. ನಲವತ್ತರ ಆಸುಪಾಸು. ದ್ರಾವಣ ತಾಗಿ ತಾಗಿ ಬೆರಳ ತುದಿಗಳು ಸುಲಿದಿದ್ದವು.

“ಮರೆತ್ರಾ?”

“ಹದಿನಾಲ್ಕು ವರ್ಷದಿಂದ ಮರೆತಿಲ್ಲ ಸರ್.”

“ಆ ಕಾರ್ಖಾನೇಲಿ ನಿಮಗೆ ಬೇಕಾದೋರು ಇದಾರಾ?”

“ನಮ್ಮೆಜಮಾನ್ರು ಅಲ್ಲೇ ಕೆಲಸ ಮಾಡ್ತಾರೆ.” ತುಟಿ ಕಚ್ಚಿಕೊಂಡಳು. “ಮಾಡ್ತಿದ್ರು. ತೀರ್ಕೊಂಡು ವರ್ಷ ಆಯ್ತು.”

ಹೃದಯಾಘಾತವೆಂದು ಕಾರ್ಖಾನೆ ಬರೆದುಕೊಂಡಿತ್ತು. ವಿಷ ಬೆರೆಸುವ ಕೋಣೆಗೆ ಅವನು ಕಾಲೇ ಇಟ್ಟಿಲ್ಲವೆಂದು ವಾದಿಸಿತ್ತು. ವಿಷ ತಾಗಿಯೇ ಸತ್ತದ್ದೆಂದು ಆಕೆ ನಾಲ್ಕು ಕಚೇರಿಗಳ ಮೆಟ್ಟಿಲು ಸವೆಸಿದ್ದಳು. ಸಾಕ್ಷಿ ಎಲ್ಲಿ ಎಂದು ಎಲ್ಲ ಕಡೆಯೂ ಕೇಳಿದ್ದರು.

“ಅದಕ್ಕೆ ಪುಡಿ ತೊಳೆಯದೆ ಬಿಟ್ಟು, ನೀರಲ್ಲಿ ವಿಷ ಇದೆ ಅಂತ ಬರೋ ಹಾಗೆ ಮಾಡಿದ್ರಾ? ಇನ್ನೂರು ಜನ ಮನೇಲಿ ಕೂತಿದಾರೆ, ಗೊತ್ತಾ?”

“ಗೊತ್ತು ಸರ್. ಯಾರಾದ್ರೂ ಒಬ್ರು ಆ ಬಾಗಿಲು ಹಾಕಲಿ ಅನ್ನಿಸ್ತು.”

ಸಂಜೆ ಐದಕ್ಕೆ ಮನೆ ಶೋಧ. ಒಂದು ಕೋಣೆ, ಒಂದು ಅಡಿಗೆ ಮೂಲೆ. ಬೀರುವಿನ ಮೇಲಿನ ಅರೆಯಲ್ಲಿ ಬಿಗಿಮುಚ್ಚಳದ ಪಾರದರ್ಶಕ ಡಬ್ಬಿ. ಅದರೊಳಗೆ ಒಂದು ನೀಲಿ ಶರ್ಟು. ಮಹಿಳಾ ಪೇದೆ ಮುಚ್ಚಳ ತೆಗೆಯಲು ಹೋದಾಗ ಆಕೆ ಚೀರಿದಳು. “ತೆಗೀಬೇಡಿ! ವಾಸನೆ ಹೋಗುತ್ತೆ!”

ಕೊನೆಯ ದಿನ ಅವನು ತೊಟ್ಟಿದ್ದ ಶರ್ಟು. ಒಗೆದಿರಲಿಲ್ಲ.

ಇನ್‌ಸ್ಪೆಕ್ಟರ್‌ಗೆ ಒಮ್ಮೆಲೇ ಹೊಳೆಯಿತು, ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. “ಅಲ್ಲಮ್ಮಾ, ಇದರಲ್ಲೇ ವಿಷ ಇರಬಹುದಲ್ಲ! ದ್ರಾವಣದಲ್ಲಿ ಅದ್ದಿ ನಿಮ್ಮ ಪುಡೀಲಿ ನೋಡಿದ್ರೆ ಸಾಕ್ಷಿ ಸಿಗ್ತಿತ್ತು! ಕೈಯಲ್ಲೇ ಇಟ್ಕೊಂಡು ಈ ಕೆಲಸ ಮಾಡಿದ್ರಾ?”

“ಮೂರು ಸಲ ತಗೊಂಡು ಹೋದೆ ಸರ್. ಬೀಕರ್ ಮುಂದೆ ನಿಂತು ವಾಪಸ್ ತಂದೆ. ಅದ್ದಿದ್ಮೇಲೆ ಅವರು ಎಲ್ಲಿ ಉಳೀತಾರೆ?”

“ಒಂದು ತುಂಡು ಕತ್ತರಿಸಬಹುದಿತ್ತು.”

“ಯಾವ ತುಂಡು ಸರ್? ಕಾಲರಾ? ತೋಳಾ?”

ಇನ್‌ಸ್ಪೆಕ್ಟರ್ ಪಂಚನಾಮೆ ಬರೆಸಿದರು: ನೀಲಿ ಶರ್ಟು ಒಂದು, ಒಗೆಯದ್ದು, ಎಡ ಜೇಬು ಹರಿದದ್ದು. 5.40ಕ್ಕೆ ಬಂಧನ ದಾಖಲಾಯಿತು.

“ಸೀಲ್ ಮಾಡೋಕೆ ಮುಂಚೆ ಒಂದ್ಸಲ ಹಿಡ್ಕೋತೀರಾ?” ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ದಫೇದಾರ ಕೇಳಿರಲಿಲ್ಲ.

ಆಕೆ ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು.

“ಬೇಡ ಸರ್. ಹಿಡ್ಕೊಂಡ್ರೆ ಕೊಡಲ್ಲ ನಾನು. ಕತ್ತರಿಸಬೇಡಿ ಅಂತ ಮೇಡಂಗೆ ಹೇಳಿ. ಇಡೀದಾಗೇ ಅದ್ದಲಿ.”

ಹೇಳಿ ಹೊರಗೆ ನಡೆದುಬಿಟ್ಟಳು. ಮಹಿಳಾ ಪೇದೆಯೇ ಅವಸರದಲ್ಲಿ ಹಿಂದೆ ಹೋಗಬೇಕಾಯಿತು. ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು. ಅದಕ್ಕಾದರೂ ತಿರುಗಿ ಬಂದಾಳೆಂದು ಇನ್‌ಸ್ಪೆಕ್ಟರ್ ಹೊಸ್ತಿಲಲ್ಲಿ ನಿಂತರು. ಆಕೆ ಬರಲಿಲ್ಲ.