ಬಿರುಕಿನ ಪಕ್ಕದ ನೊಣ

ಮೇಷ್ಟ್ರ ಸೊಸೆಯ ಮೊಬೈಲು ಬಸ್ ನಿಲ್ದಾಣದ ಬೆಂಚಿನ ಕೆಳಗೆ ಸಿಕ್ಕಿತು. ಸೊಸೆ ಸಿಗಲಿಲ್ಲ.

ಜಗಳವಾಡಿಕೊಂಡು ಬ್ಯಾಗು ಹಿಡಿದು ಹೊರಟಳು ಎಂದು ಅವಳ ಗಂಡ ದೂರು ಕೊಟ್ಟಿದ್ದ. ಅವಳು ಕೆಲಸಕ್ಕೆ ಹೋಗುತ್ತಿದ್ದ ಅಂಗಡಿಯ ದರ್ಜಿಯನ್ನು ಠಾಣೆಯಲ್ಲಿ ಕೂರಿಸಿ ಬೆವರಿಳಿಸಿದ್ದಾಯಿತು. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಇದ್ದ ಮಾನವೂ ಹೋಯಿತು. ಹೀಗೇ ತಿಂಗಳು ಕಳೆಯಿತು.

ಇನ್ಸ್‌ಪೆಕ್ಟರ್‌ಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾಲೇಜಿನಲ್ಲಿ ಇದೇ ಮೇಷ್ಟ್ರ ಹತ್ತಿರ ಕೀಟಶಾಸ್ತ್ರ ಓದಿದವಳು ಈಕೆ. ಅವರ ಮನೆಯಲ್ಲಿ ಮಗಳ ಹಾಗೆ ಓಡಾಡಿಕೊಂಡಿದ್ದವಳು.

ಆ ಬೆಳಿಗ್ಗೆ ಮೇಷ್ಟ್ರಿಂದ ಒಂದು ಫೋಟೊ ಬಂತು. ಎಳ್ಳಿನಷ್ಟು ನೊಣ. ಕೆಳಗೆ ಒಂದೇ ಸಾಲು: ‘ಇದು ಯಾವ ಕುಟುಂಬ, ಹೇಳಮ್ಮ.’

ಮುಖ್ಯ ಪೇದೆ ಇಣುಕಿ ನೋಡಿದ. “ಸೊಸೆ ಪತ್ತೆ ಇಲ್ಲ, ಇವರಿಗೆ ನೊಣದ ಚಿಂತೆ. ಚರಂಡಿ ನೊಣ ಇರ್ಬೇಕು ಮೇಡಂ.”

“ಅಲ್ಲ. ಅದರ ರೆಕ್ಕೆ ತುಂಬ ಕೂದಲಿರುತ್ತೆ.”

“ಹಣ್ಣಿನ ಮೇಲೆ ಕೂರೋದು?”

“ಅದಕ್ಕೆ ಬೆನ್ನು ಹೀಗೆ ಗೂನಾಗಿರಲ್ಲ.”

ಅವಳು ಫೋಟೊ ಹಿಗ್ಗಿಸಿದಳು. ರೆಕ್ಕೆಯ ಮುಂದಂಚಿನಲ್ಲಿ ದಪ್ಪ ನರಗಳು. ಉಳಿದವು ಓರೆಯಾದ ತೆಳು ಗೆರೆಗಳು, ನಡುವೆ ಅಡ್ಡಗೆರೆಯೇ ಇಲ್ಲ. ಫೋರಿಡ್ ಕುಟುಂಬ. ಕೊಳೆತದ್ದನ್ನು ಹುಡುಕಿಕೊಂಡು ಮಣ್ಣಿನೊಳಕ್ಕೂ ಇಳಿಯುವಂಥದ್ದು. ಅಲ್ಲಿಟ್ಟ ಮೊಟ್ಟೆ ಹುಳುವಾಗಿ, ಕೆಲವು ವಾರಗಳಲ್ಲಿ ನೊಣವಾಗಿ ಸಂದಿಗೊಂದಿಯಿಂದ ಮೇಲೆ ಬರುತ್ತದೆ.

ಆಗ ನೊಣ ಕೂತಿದ್ದ ಜಾಗ ಕಣ್ಣಿಗೆ ಬಿತ್ತು. ಹೊಸ ಸಿಮೆಂಟು. ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು.

ಫೋಟೊದ ಅಂಚಿನಲ್ಲಿ ಮೇಷ್ಟ್ರ ಮನೆಯ ಮೆಟ್ಟಿಲು. ಇಲಿ ಸತ್ತರೂ ಈ ನೊಣ ಬರುತ್ತದೆ. ಇಲಿಯೇ ಆಗಿರಲಿ ದೇವರೇ ಎಂದುಕೊಂಡು ಜೀಪು ಹತ್ತಿದಳು.

*

ಬಾಗಿಲು ತೆರೆದವನು ಮೇಷ್ಟ್ರ ಮಗ. “ಏನಾದ್ರೂ ಸುಳಿವು ಸಿಕ್ತಾ ಮೇಡಂ?”

ಮೇಷ್ಟ್ರು ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ತಿರುಗಿ ನೋಡಲಿಲ್ಲ.

ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯ ನೆಲ ಹೊಸದಾಗಿತ್ತು.

“ಇದನ್ನ ಯಾವಾಗ ಮಾಡ್ಸಿದ್ರಿ?”

“ಅವಳು ಹೋದ್ಮೇಲೆ. ಇಲಿ ಕಾಟ.”

“ಗಾರೆಯವರು ಯಾರು?”

“ನಾನೇ ಹಾಕ್ದೆ.”

“ಹೆಂಡತಿ ಕಾಣೆಯಾಗಿರೋವಾಗ ಕೂತು ಗಾರೆ ಹಾಕಿದ್ರಾ?”

ಅವಳು ತನ್ನ ಮೊಬೈಲಿನಲ್ಲಿದ್ದ ನೊಣದ ಫೋಟೊವನ್ನು ಅವನ ಮುಂದೆ ಹಿಡಿದಳು. “ಈ ನೊಣ ಹೂತಿಟ್ಟ ಹೆಣವನ್ನೂ ಬಿಡಲ್ಲ. ಈ ಬಿರುಕಿನಿಂದಾನೇ ಮೇಲೆ ಬಂದಿದೆ. ನೆಲ ಅಗೆಸ್ಲಾ, ನೀವೇ ಹೇಳ್ತೀರಾ?”

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. “ಜಗಳದಲ್ಲಿ ತಳ್ಳಿದೆ. ಮೆಟ್ಟಿಲಿಂದ ಉರುಳಿದ್ಲು. ಬ್ಯಾಗೂ ಅವಳ ಜೊತೇಲೇ ಇದೆ. ಮೊಬೈಲು ಮಾತ್ರ ನಾನೇ ಬಸ್ ನಿಲ್ದಾಣದಲ್ಲಿಟ್ಟು ಬಂದೆ.”

ಅಗೆದರು. ಇಲಿಯಿರಲಿಲ್ಲ.

*

ಮಗನನ್ನು ಜೀಪಿಗೆ ಹತ್ತಿಸಿದ ಮೇಲೆ ಅವಳು ಮೇಷ್ಟ್ರ ಪಕ್ಕ ಬಂದು ನೆಲದ ಮೇಲೆ ಕೂತಳು.

“ಸರ್, ಈ ನೊಣ ನಮಗೆ ತೋರಿಸಿಕೊಟ್ಟವರೇ ನೀವು. ನಿಮಗೆ ಗೊತ್ತಿರ್ಲಿಲ್ವಾ?”

“ನೋಡಿದ ಕೂಡ್ಲೇ ಗೊತ್ತಾಯ್ತು ಕಣಮ್ಮ.” ಮೇಷ್ಟ್ರು ಇನ್ನೂ ಗೋಡೆಯನ್ನೇ ನೋಡುತ್ತಿದ್ದರು. “ಹೆತ್ತ ಮಗ. ನನ್ನ ಬಾಯಿಂದ ಬರ್ಲಿಲ್ಲ. ನಿನಗೆ ಕಳಿಸ್ದೆ.”

ಅವಳು ಅವರ ಕೈ ಹಿಡಿದುಕೊಂಡಳು.

“ಹೇಳದೆ ಕೇಳದೆ ಹೋದ್ಲಲ್ಲ ಅಂತ ತಿಂಗಳೆಲ್ಲ ಅವಳನ್ನ ಬೈಕೊಂಡು ಓಡಾಡ್ದೆ,” ಎಂದರು ಮೇಷ್ಟ್ರು. “ಪಾಪ, ಮನೇಲೇ ಇದ್ಲು.”